ಇಲಿಯ ನಾಗಿನ್ ಪ್ರೋಟೀನ್: ವೈಯಲ್ ಕೈಗೆ ಬಂದ ಮೇಲೆ ಏನು ಮಾಡಬೇಕು

ಮೊದಲ ಸಲ ನಾಗಿನ್ ಬಳಸಿದಾಗ ನಾನು ಮಾಡಿದ ಎಡವಟ್ಟನ್ನು ಮೊದಲೇ ಹೇಳಿಬಿಡುತ್ತೇನೆ. ಹೊಸ ವೈಯಲ್, ಅಂದರೆ ಒಣಗಿಸಿದ ಪ್ರೋಟೀನ್ ಇರುವ ಪುಟ್ಟ ಬಾಟಲಿ, ಬಂದಿತ್ತು. ಕೆಲಸ ಮಾಡುತ್ತದೆಯೋ ಇಲ್ಲವೋ ನೋಡೋಣವೆಂದು ಆರು ವೆಲ್‌ಗಳ (ಪ್ಲೇಟ್‌ನ ಪುಟ್ಟ ಗುಳಿಗಳ) ಕೋಶಗಳಿಗೆ ಹಾಕಿ, ಮೂರು ದಿನ ಕಾದು, ಕಿಣ್ವದ ಪರೀಕ್ಷೆ ಮಾಡಿದೆ. ಹಾಕಿದ ವೆಲ್‌ಗೂ ಹಾಕದ ವೆಲ್‌ಗೂ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಸರಕು ಕೆಟ್ಟಿದೆ ಎಂದು ತೀರ್ಮಾನಿಸಿ ಮಾರಾಟಗಾರರಿಗೆ ಖಾರವಾದ ಪತ್ರ ಬರೆಯಲು ಕುಳಿತಿದ್ದಾಗ ಪಕ್ಕದ ಮೇಜಿನ ಹಿರಿಯರೊಬ್ಬರು ಒಂದೇ ಪ್ರಶ್ನೆ ಕೇಳಿದರು: "ಅದು ಹಿಡಿಯಬೇಕಾದದ್ದನ್ನು ಹಾಕಿದ್ದೀರಾ?" ಹಾಕಿರಲಿಲ್ಲ. ಕಳ್ಳನೇ ಬರದ ಮನೆಯಲ್ಲಿ ಕಾವಲುಗಾರ ಯಾರನ್ನೂ ಹಿಡಿಯಲಿಲ್ಲವೆಂದು ದೂರಿದಂತಾಗಿತ್ತು ನನ್ನ ಪ್ರಯೋಗ.

ನಾಗಿನ್ ತಾನಾಗಿ ಕೋಶಕ್ಕೆ ಯಾವ ಆದೇಶವನ್ನೂ ಕೊಡುವುದಿಲ್ಲ. ಕೋಶದ ಹೊರಗೆ ತೇಲುವ ಬಿಎಂಪಿ ಎಂಬ ಗ್ರೋತ್ ಫ್ಯಾಕ್ಟರ್‌ಗಳನ್ನು (ಕೋಶಕ್ಕೆ ಸಂಕೇತ ಒಯ್ಯುವ ಪ್ರೋಟೀನ್‌ಗಳನ್ನು) ಹಿಡಿದು, ಅವು ಆ ಸಂಕೇತ ಪಡೆಯುವ ಕೋಶದ ಗ್ರಾಹಕವನ್ನು ಮುಟ್ಟದಂತೆ ತಡೆಯುವುದಷ್ಟೇ ಅದರ ಕೆಲಸ. ಹಾಗಾಗಿ ಅದರ ಶಕ್ತಿಯನ್ನು ಅಳೆಯುವುದೂ, ಎಷ್ಟು ಹಾಕಬೇಕೆಂದು ಲೆಕ್ಕ ಹಾಕುವುದೂ, ಕೈಕೊಟ್ಟಾಗ ಕಾರಣ ಹುಡುಕುವುದೂ ಬಿಎಂಪಿಯನ್ನು ಪಕ್ಕದಲ್ಲಿಟ್ಟುಕೊಂಡೇ ಆಗಬೇಕು. ಕೆಳಗಿನ ಎಲ್ಲ ಹಂತಗಳೂ ಈ ಒಂದು ಮಾತಿನ ಸುತ್ತಲೇ ತಿರುಗುತ್ತವೆ.

ಇದು ಯಾವ ಪ್ರೋಟೀನ್

ಹೆಸರು ಕೇಳಿ ಹಾವಿನ ನೆನಪಾದರೆ ತಪ್ಪಿಲ್ಲ, ಆದರೆ ನಾಗಿಣಿಗೂ ಇದಕ್ಕೂ ಸಂಬಂಧವಿಲ್ಲ. ಇಂಗ್ಲಿಷ್ ಆಡುಮಾತಿನಲ್ಲಿ ಈ ಪದಕ್ಕೆ ತಲೆ, ಬುರುಡೆ ಎಂಬ ಅರ್ಥವಿದೆ. 1992ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ವಿಲಿಯಂ ಸ್ಮಿತ್ ಮತ್ತು ರಿಚರ್ಡ್ ಹಾರ್ಲಂಡ್ ಝೆನೋಪಸ್ ಕಪ್ಪೆಯ ಭ್ರೂಣಗಳಲ್ಲಿ ಈ ಜೀನನ್ನು ಗುರುತಿಸಿದರು. ಇದರ ಆರ್‌ಎನ್‌ಎಯನ್ನು ಹೆಚ್ಚಾಗಿ ಸೇರಿಸಿದ ಭ್ರೂಣಗಳಲ್ಲಿ ಮುಂಡ ಕುಗ್ಗಿ ತಲೆ ಮಾತ್ರ ದೊಡ್ಡದಾಗುತ್ತಿತ್ತು. ಹೆಸರು ಬಂದದ್ದು ಅಲ್ಲಿಂದ. ಅದು ನೇರವಾಗಿ ಬಿಎಂಪಿ-4ಕ್ಕೆ ಅಂಟಿಕೊಂಡು ಕೆಲಸ ಮಾಡುತ್ತದೆ ಎಂಬುದು 1996ರಲ್ಲಿ ಸ್ಪಷ್ಟವಾಯಿತು. ಆ ಹಿಡಿತದ ಬಲ ಸುಮಾರು 20 ಪಿಕೊಮೋಲಾರ್ (ಅಂಕಿ ಚಿಕ್ಕದಾದಷ್ಟೂ ಹಿಡಿತ ಗಟ್ಟಿ), ಅಂದರೆ ಒಮ್ಮೆ ಹಿಡಿದರೆ ಬಿಡುವುದು ಅಪರೂಪ. 2002ರಲ್ಲಿ ನಾಗಿನ್ ಮತ್ತು ಬಿಎಂಪಿ-7 ಸೇರಿದ ಹರಳಿನ ರಚನೆ ಪ್ರಕಟವಾದಾಗ ಉಪಾಯವೂ ಕಣ್ಣಿಗೆ ಕಂಡಿತು: ನಾಗಿನ್‌ನ ಜೋಡಿ ಅಣು ಬಿಎಂಪಿಯ ಜೋಡಿ ಅಣುವನ್ನು ಎರಡೂ ಕಡೆಯಿಂದ ತಬ್ಬಿಕೊಂಡು, ಮೊದಲ ಬಗೆಯ ಮತ್ತು ಎರಡನೆಯ ಬಗೆಯ ಗ್ರಾಹಕಗಳು ಕೂರುವ ಜಾಗಗಳೆರಡನ್ನೂ ಮುಚ್ಚಿಬಿಡುತ್ತದೆ.

ಇಲಿಯ ನಾಗಿನ್ 232 ಅಮೈನೊ ಆಮ್ಲಗಳ ಸರಪಳಿಯಾಗಿ ತಯಾರಾಗುತ್ತದೆ. ಮೊದಲ 27 ಕತ್ತರಿಸಿಹೋಗಿ 205 ಉಳಿಯುತ್ತವೆ. ಹೀಗೆ ಮಾಗಿದ ಎರಡು ಸರಪಳಿಗಳು ಡೈಸಲ್ಫೈಡ್ ಬಂಧದಿಂದ ಬೆಸೆದುಕೊಂಡು ಜೋಡಿಯಾಗುತ್ತವೆ. ಇಲ್ಲಿ ಇಲಿ ಎಂದರೆ ಸುಂಡಿಲಿ (ಮೌಸ್), ದೊಡ್ಡ ಇಲಿ (ರ್ಯಾಟ್) ಅಲ್ಲ; ಆರ್ಡರ್ ಮಾಡುವಾಗ ಎರಡನ್ನೂ ಬೆರೆಸಿ ಗೊಂದಲ ಮಾಡಿಕೊಂಡವರಿದ್ದಾರೆ. ಹಾಗೆ ನೋಡಿದರೆ ಈ ಪ್ರೋಟೀನ್‌ನಲ್ಲಿ ಜಾತಿಭೇದ ಅಷ್ಟೇನೂ ಇಲ್ಲ. ಇಲಿಯದೂ ಮನುಷ್ಯರದೂ ಶೇ. 99ರಷ್ಟು ಒಂದೇ. ಇಲಿಯ ನಾಗಿನ್ ಮನುಷ್ಯರ ಕೋಶಗಳ ಮೇಲೂ ಕೆಲಸ ಮಾಡುತ್ತದೆ, ಏಕೆಂದರೆ ಅದು ಹಿಡಿಯುವುದು ಕೋಶವನ್ನಲ್ಲ, ಬಿಎಂಪಿಯನ್ನು.

ಅದು ಯಾವ ಬಿಎಂಪಿಯನ್ನು ಹಿಡಿಯುತ್ತದೆ, ಯಾವುದನ್ನು ಬಿಡುತ್ತದೆ ಎಂಬುದನ್ನು ಮೇಜಿನ ಮೇಲೆ ಬರೆದಿಟ್ಟುಕೊಳ್ಳಿ. ಬಿಎಂಪಿ-2, ಬಿಎಂಪಿ-4 ಇದರ ಕೈಯಲ್ಲಿ ಗಟ್ಟಿಯಾಗಿ ಸಿಕ್ಕಿಬೀಳುತ್ತವೆ. ಬಿಎಂಪಿ-7ನ್ನೂ ಅದೇ ಕುಟುಂಬದ ಜಿಡಿಎಫ್-5ನ್ನೂ ಹಿಡಿಯುತ್ತದೆ. ಬಿಎಂಪಿ-6ರ ಮೇಲೆ ಹಿಡಿತ ಸಡಿಲ. ಬಿಎಂಪಿ-9 ಮತ್ತು ಬಿಎಂಪಿ-10ನ್ನು ಅದು ತಡೆಯುವುದೇ ಇಲ್ಲ. ಟಿಜಿಎಫ್-ಬೀಟಾ ಎಂಬ ಇನ್ನೊಂದು ಗ್ರೋತ್ ಫ್ಯಾಕ್ಟರ್‌ನ ಸಂಕೇತವನ್ನು ನಾಗಿನ್‌ನಿಂದ ನಿಲ್ಲಿಸುತ್ತೇನೆಂದು ಹೊರಟರೆ ಹಣ ದಂಡ.

ಕೊಳ್ಳುವ ಮೊದಲು ನಾಲ್ಕು ಪ್ರಶ್ನೆ

ಮೊದಲನೆಯದು, ಯಾವ ಕೋಶದಲ್ಲಿ ತಯಾರಿಸಿದ್ದು? ಸಸ್ತನಿ ಕೋಶಗಳಲ್ಲಿ ತಯಾರಾದ ನಾಗಿನ್‌ಗೆ ಸಕ್ಕರೆಯ ಸರಪಳಿ ಅಂಟಿಕೊಂಡಿರುತ್ತದೆ, ಮಡಿಕೆಯೂ ಸಹಜವಾಗಿರುತ್ತದೆ. ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ತಯಾರಾದದ್ದು ಅಗ್ಗ, ಆದರೆ ಅದನ್ನು ಬಿಚ್ಚಿ ಮತ್ತೆ ಸರಿಯಾಗಿ ಮಡಿಸಬೇಕಾಗುತ್ತದೆ. ಡೈಸಲ್ಫೈಡ್ ಬಂಧ ಕಟ್ಟುವ ಸಿಸ್ಟೀನ್‌ಗಳು ಇಷ್ಟೊಂದಿರುವ ಪ್ರೋಟೀನ್‌ನಲ್ಲಿ ಆ ಕೆಲಸ ಪ್ರತಿ ಲಾಟ್‌ನಲ್ಲೂ (ಒಂದು ಸಲಕ್ಕೆ ತಯಾರಾದ ಸರಕಿನಲ್ಲೂ) ಒಂದೇ ಸಮನಾಗಿ ಆಗುತ್ತದೆಂದು ಹೇಳಲಾಗದು. ಚೆನ್ನಾಗಿ ಮಡಿಸಿದ ಇ. ಕೋಲಿ ನಾಗಿನ್ ಕೂಡ ಒಳ್ಳೆಯ ಕೆಲಸ ಮಾಡುತ್ತದೆ. ಲಾಟ್ ಬದಲಾದಾಗ ಪರೀಕ್ಷಿಸುವ ತಾಳ್ಮೆ ನಿಮಗಿರಬೇಕು ಅಷ್ಟೆ.

ಎರಡನೆಯದು, ಎಂಡೋಟಾಕ್ಸಿನ್ (ಬ್ಯಾಕ್ಟೀರಿಯಾದ ಹೊದಿಕೆಯ ಚೂರು) ಎಷ್ಟಿದೆ? ಮ್ಯಾಕ್ರೊಫೇಜ್‌ನಂಥ ಪ್ರತಿರಕ್ಷಣಾ ಕೋಶಗಳೊಂದಿಗೆ ಕೆಲಸ ಮಾಡುವವರು ಈ ಅಂಕಿಯನ್ನು ನೋಡದೆ ಕೊಳ್ಳಬಾರದು. ನಾಗಿನ್‌ನ ಪರಿಣಾಮವೆಂದು ನೀವು ಬರೆದುಕೊಂಡದ್ದು ಬ್ಯಾಕ್ಟೀರಿಯಾದ ಹೊದಿಕೆಯ ಪರಿಣಾಮವಾಗಿರಬಹುದು.

ಮೂರನೆಯದು, ಎಫ್‌ಸಿ ಜೋಡಿಸಿದ್ದೋ, ಬರಿಯದೋ? ಪ್ರತಿಕಾಯದ ಬಾಲವನ್ನು ಜೋಡಿಸಿದ ನಾಗಿನ್ ಶುದ್ಧೀಕರಿಸಲು ಸುಲಭ, ಸಾಮಾನ್ಯವಾಗಿ ಗಟ್ಟಿಯಾಗಿ ಉಳಿಯುತ್ತದೆ. ಆದರೆ ತೂಕ ಹೆಚ್ಚು, ಆದ್ದರಿಂದ ಲೆಕ್ಕ ಬದಲಾಗುತ್ತದೆ. ಇದಕ್ಕೆ ಮುಂದೆ ಬರುತ್ತೇನೆ. ಜೊತೆಗೆ ಪ್ರತಿಕಾಯಗಳಿಂದ ಬಣ್ಣ ಹಚ್ಚುವ ಪ್ರಯೋಗವಿದ್ದರೆ ಎರಡನೆಯ ಹಂತದ ಪ್ರತಿಕಾಯ ನಿಮ್ಮ ಗುರಿಯನ್ನು ಬಿಟ್ಟು ಈ ಎಫ್‌ಸಿಗೇ ಅಂಟಿಕೊಳ್ಳುವ ಅಪಾಯವಿದೆ.

ನಾಲ್ಕನೆಯದು, ಬಿಎಸ್‌ಎ (ದನದ ರಕ್ತದ ಆಲ್ಬುಮಿನ್ ಪ್ರೋಟೀನ್) ಬೆರೆಸಿದೆಯೋ ಇಲ್ಲವೋ? ಕೋಶಗಳಿಗೆ ಹಾಕಲು ಬಿಎಸ್‌ಎ ಇರುವುದೇ ವಾಸಿ, ಪ್ರೋಟೀನ್ ಹೆಚ್ಚು ದಿನ ಬಾಳುತ್ತದೆ. ಪ್ಲೇಟ್‌ಗೆ ಲೇಪಿಸಲು, ಬಯೋಟಿನ್ ಅಂಟಿಸಲು, ಜೆಲ್‌ನಲ್ಲಿ ಓಡಿಸಿ ತೂಕ ನೋಡಲು ಬಿಎಸ್‌ಎ ಇಲ್ಲದ್ದೇ ಬೇಕು. ಎರಡು ಬಗೆಯೂ ಸಿಗುತ್ತವೆ. ಕ್ಯಾಟಲಾಗ್ ಸಂಖ್ಯೆಯ ಕೊನೆಯ ಒಂದೆರಡು ಅಕ್ಷರಗಳಷ್ಟೇ ವ್ಯತ್ಯಾಸ. ನೂರು ಸಲ ನೋಡಿ ಆರ್ಡರ್ ಮಾಡಿ.

ವೈಯಲ್ ತೆರೆಯುವ ಕ್ರಮ

ಒಣಗಿಸಿದ ಪ್ರೋಟೀನ್ ಹೆಚ್ಚಿನ ಸಲ ಕಣ್ಣಿಗೆ ಕಾಣುವುದೇ ಇಲ್ಲ. 25 ಮೈಕ್ರೊಗ್ರಾಂ ಎಂದರೆ ಗಾಜಿನ ಗೋಡೆಯ ಮೇಲಿನ ಒಂದು ಮಂಜಿನ ಕಲೆಯಷ್ಟೂ ಇರಲಿಕ್ಕಿಲ್ಲ. ಖಾಲಿ ವೈಯಲ್ ಕಳಿಸಿದ್ದಾರೆಂದು ಎಸೆದವರನ್ನು ನಾನು ಬಲ್ಲೆ.

1. ವೈಯಲ್ ಕೋಣೆಯ ತಾಪಮಾನಕ್ಕೆ ಬರುವವರೆಗೆ ಮುಚ್ಚಳ ತೆಗೆಯಬೇಡಿ. ತಣ್ಣಗಿರುವಾಗ ತೆರೆದರೆ ಗಾಳಿಯ ತೇವ ಒಳಗೆ ನೀರಾಗುತ್ತದೆ.

2. ಚಿಕ್ಕ ಸೆಂಟ್ರಿಫ್ಯೂಜ್‌ನಲ್ಲಿ ಅರ್ಧ ನಿಮಿಷ ತಿರುಗಿಸಿ. ಮುಚ್ಚಳಕ್ಕೆ ಅಂಟಿದ ಪುಡಿ ಕೆಳಗಿಳಿಯಬೇಕು.

3. ವೈಯಲ್ ಜೊತೆ ಬಂದ ಹಾಳೆಯಲ್ಲಿ ಯಾವ ದ್ರಾವಣ ಹೇಳಿದೆಯೋ ಅದರಲ್ಲೇ ಕರಗಿಸಿ. ನಾಗಿನ್‌ಗೆ ಸಾಮಾನ್ಯವಾಗಿ ಕ್ರಿಮಿರಹಿತ ಪಿಬಿಎಸ್ (ಫಾಸ್ಫೇಟ್ ಇರುವ ಲವಣ ದ್ರಾವಣ), ಅದರಲ್ಲಿ ಶೇ. 0.1 ಬಿಎಸ್‌ಎ. ಬಿಎಂಪಿ-4ಕ್ಕೆ ಹಾಗಲ್ಲ, ಅದಕ್ಕೆ 4 ಮಿಲಿಮೋಲಾರ್ ಹೈಡ್ರೊಕ್ಲೋರಿಕ್ ಆಮ್ಲ ಬೇಕಾಗುತ್ತದೆ, ತಟಸ್ಥ ಬಫರ್‌ನಲ್ಲಿ ಗಾಢವಾಗಿ ಇಟ್ಟರೆ ಗಂಟು ಕಟ್ಟುತ್ತದೆ. ಎರಡೂ ವೈಯಲ್ ಒಂದೇ ದಿನ ತೆರೆಯುವಾಗ ಬಾಟಲಿ ಅದಲುಬದಲಾಗದಂತೆ ನೋಡಿಕೊಳ್ಳಿ.

4. 25 ಮೈಕ್ರೊಗ್ರಾಂಗೆ 250 ಮೈಕ್ರೊಲೀಟರ್ ಹಾಕಿದರೆ ಮಿಲಿಲೀಟರ್‌ಗೆ 100 ಮೈಕ್ರೊಗ್ರಾಂ ಆಗುತ್ತದೆ. ಇದು ಲೆಕ್ಕಕ್ಕೆ ಅನುಕೂಲ: 10 ಮಿಲಿಲೀಟರ್ ಮೀಡಿಯಂಗೆ (ಕೋಶ ಬೆಳೆಸುವ ದ್ರವಕ್ಕೆ) ಇದರ 10 ಮೈಕ್ರೊಲೀಟರ್ ಹಾಕಿದರೆ ಮಿಲಿಲೀಟರ್‌ಗೆ 100 ನ್ಯಾನೊಗ್ರಾಂ.

5. ದ್ರಾವಣವನ್ನು ಗೋಡೆಗುಂಟ ಇಳಿಬಿಡಿ. ವೋರ್ಟೆಕ್ಸ್ ಯಂತ್ರದಲ್ಲಿ ಕುಲುಕುವುದು ಬೇಡ, ನೊರೆ ಬರುವಂತೆ ಪೈಪೆಟ್‌ನಲ್ಲಿ ಹೀರಿ ಉಗುಳುವುದೂ ಬೇಡ. ನೊರೆಯ ಮೈಮೇಲೆ ಪ್ರೋಟೀನ್ ಬಿಚ್ಚಿಕೊಂಡು ಹಾಳಾಗುತ್ತದೆ. ವೈಯಲನ್ನು ಓರೆ ಮಾಡಿ ಮೆಲ್ಲಗೆ ಉರುಳಿಸುತ್ತ 15ರಿಂದ 30 ನಿಮಿಷ ಬಿಡಿ.

6. ಒಂದು ಸಲದ ಬಳಕೆಗೆ ಬೇಕಾಗುವಷ್ಟು ಅಳತೆಯಲ್ಲಿ, ಪ್ರೋಟೀನ್ ಕಡಿಮೆ ಅಂಟುವ ಟ್ಯೂಬ್‌ಗಳಲ್ಲಿ ಅಲಿಕ್ವಾಟ್ ಮಾಡಿ, ಅಂದರೆ ಪಾಲು ಮಾಡಿಡಿ. 10 ಮೈಕ್ರೊಲೀಟರ್‌ಗಿಂತ ಚಿಕ್ಕ ಅಲಿಕ್ವಾಟ್ ಮಾಡುವ ಆಸೆ ಬೇಡ. ಹನಿ ಚಿಕ್ಕದಾದಷ್ಟೂ ಗೋಡೆಗೆ ಅಂಟಿ ಹೋಗುವ ಪಾಲು ದೊಡ್ಡದು.

7. ಮೈನಸ್ 80 ಡಿಗ್ರಿಯಲ್ಲಿ ಇಡಿ. ಮೈನಸ್ 20 ಆದರೂ ಆದೀತು, ಆದರೆ ಮಂಜನ್ನು ತಾನೇ ಕರಗಿಸಿಕೊಳ್ಳುವ ಬಗೆಯ ಫ್ರೀಜರ್ ಬೇಡ. ಅದು ನಿಮ್ಮ ಟ್ಯೂಬ್‌ಗಳನ್ನೂ ದಿನವೂ ಅಷ್ಟಿಷ್ಟು ಬಿಸಿ ಮಾಡಿ ತಣಿಸುತ್ತದೆ. ಒಮ್ಮೆ ಕರಗಿಸಿದ ಅಲಿಕ್ವಾಟನ್ನು ಮತ್ತೆ ಹೆಪ್ಪುಗಟ್ಟಿಸುವ ಬದಲು 4 ಡಿಗ್ರಿಯಲ್ಲಿಟ್ಟು ಬೇಗ ಮುಗಿಸಿ.

ಬಿಎಸ್‌ಎ ಇಲ್ಲದ ವೈಯಲ್ ಕೊಂಡಿದ್ದರೆ ಒಂದು ಜೆಲ್ ಓಡಿಸಿ ನೋಡುವುದು ಒಳ್ಳೆಯದು. ಸಕ್ಕರೆ ಸೇರಿದ ನಾಗಿನ್, ಡೈಸಲ್ಫೈಡ್ ಬಂಧ ಮುರಿದು ಓಡಿಸಿದಾಗ ಸುಮಾರು 30 ಕಿಲೋಡಾಲ್ಟನ್ ಹತ್ತಿರ ನಿಲ್ಲುತ್ತದೆ. ಬಂಧ ಮುರಿಯದೆ ಓಡಿಸಿದರೆ ಅದರ ಸುಮಾರು ಎರಡರಷ್ಟು ತೂಕದ ಹತ್ತಿರ. ಬಂಧ ಮುರಿಯದ ಸಾಲಿನಲ್ಲೂ ಒಂಟಿ ಅಣುವಿನ ಪಟ್ಟಿ ದಪ್ಪವಾಗಿ ಕಂಡರೆ ಜೋಡಿ ಸರಿಯಾಗಿ ಆಗಿಲ್ಲವೆಂದರ್ಥ.

ನ್ಯಾನೊಗ್ರಾಂ ಬಿಟ್ಟು ಅಣುಗಳನ್ನು ಎಣಿಸಿ

ಹೆಚ್ಚಿನವರು ಎಡವುವುದು ಇಲ್ಲಿ. ಯಾವುದೋ ಲೇಖನದಲ್ಲಿ ಮಿಲಿಲೀಟರ್‌ಗೆ 100 ನ್ಯಾನೊಗ್ರಾಂ ಎಂದಿರುತ್ತದೆ, ಎಲ್ಲರೂ ಅದನ್ನೇ ಹಾಕುತ್ತಾರೆ. ಆದರೆ ಯಾವ ನಾಗಿನ್, ಎಷ್ಟು ಬಿಎಂಪಿಯ ಎದುರು?

ಬರಿಯ ನಾಗಿನ್‌ನ ಜೋಡಿ ಅಣು, ಸಕ್ಕರೆ ಬಿಟ್ಟು, ಸುಮಾರು 46 ಕಿಲೋಡಾಲ್ಟನ್ ತೂಗುತ್ತದೆ. ಮಿಲಿಲೀಟರ್‌ಗೆ 100 ನ್ಯಾನೊಗ್ರಾಂ ಎಂದರೆ ಸುಮಾರು 2.2 ನ್ಯಾನೊಮೋಲಾರ್. ಎಫ್‌ಸಿ ಜೋಡಿಸಿದ ನಾಗಿನ್ ಅದರ ಎರಡರಷ್ಟಕ್ಕಿಂತ ತುಸು ಹೆಚ್ಚು ತೂಗುತ್ತದೆ, ಹಾಗಾಗಿ ಅದೇ 100 ನ್ಯಾನೊಗ್ರಾಂನಲ್ಲಿ ಅಣುಗಳಿರುವುದು 1 ನ್ಯಾನೊಮೋಲಾರ್ ಮಾತ್ರ. ಬಿಎಂಪಿ-4ರ ಜೋಡಿ ಅಣು ಸುಮಾರು 26 ಕಿಲೋಡಾಲ್ಟನ್. ಮಿಲಿಲೀಟರ್‌ಗೆ 50 ನ್ಯಾನೊಗ್ರಾಂ ಹಾಕಿದರೆ 1.9 ನ್ಯಾನೊಮೋಲಾರ್. ಒಂದು ಜೋಡಿಗೆ ಒಂದು ಜೋಡಿ ಎಂಬ ಲೆಕ್ಕದಲ್ಲಿ ಇಷ್ಟು ಬಿಎಂಪಿಯನ್ನು ಪೂರ್ತಿ ಹಿಡಿಯಲು ಬರಿಯ ನಾಗಿನ್ ಸುಮಾರು 90 ನ್ಯಾನೊಗ್ರಾಂ ಬೇಕು, ಎಫ್‌ಸಿ ನಾಗಿನ್ ಸುಮಾರು 190. ಅದೂ ಪ್ರತಿಯೊಂದು ಅಣುವೂ ಸರಿಯಾಗಿ ಮಡಿಕೆಯಾಗಿ ದುಡಿಯುವ ಸ್ಥಿತಿಯಲ್ಲಿದ್ದರೆ. ವಾಸ್ತವದಲ್ಲಿ ಅದರ ಮೂರು ನಾಲ್ಕು ಪಟ್ಟು ಹಾಕಿಟ್ಟರೆ ನೆಮ್ಮದಿ.

ಇನ್ನೊಂದು ಸೂಕ್ಷ್ಮವಿದೆ. ಹಿಡಿತದ ಬಲ 20 ಪಿಕೊಮೋಲಾರ್ ಎಂದೆನಲ್ಲ. ನಿಮ್ಮ ವೆಲ್‌ನಲ್ಲಿರುವ ಬಿಎಂಪಿ ಅದಕ್ಕಿಂತ ನೂರು ಪಟ್ಟು ಹೆಚ್ಚು. ಇಂಥ ಸ್ಥಿತಿಯಲ್ಲಿ ನೀವು ಅಳೆಯುವ ಇಡಿ50, ಅಂದರೆ ಪರಿಣಾಮವನ್ನು ಅರ್ಧಕ್ಕಿಳಿಸುವ ಪ್ರಮಾಣ, ನಾಗಿನ್‌ನ ಹಿಡಿತದ ಬಲವನ್ನು ಹೇಳುವುದೇ ಇಲ್ಲ. ಎಷ್ಟು ಬಿಎಂಪಿ ಹಾಕಿದ್ದೀರಿ, ಅದರಲ್ಲಿ ಎಷ್ಟನ್ನು ನಾಗಿನ್ ಎಣಿಸಿ ತೆಗೆದುಹಾಕಿತು ಎಂಬುದನ್ನಷ್ಟೇ ಹೇಳುತ್ತದೆ. ಬಿಎಂಪಿಯನ್ನು ಎರಡರಷ್ಟು ಮಾಡಿದರೆ ಇಡಿ50 ಕೂಡ ಮೇಲೇರುತ್ತದೆ. ಎರಡು ಕಂಪನಿಗಳ ಹಾಳೆಗಳಲ್ಲಿನ ಇಡಿ50 ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಯಾವುದು ಮೇಲು ಎಂದು ನಿರ್ಧರಿಸುವ ಮುನ್ನ ಇಬ್ಬರೂ ಎಷ್ಟು ಬಿಎಂಪಿ, ಯಾವ ಕೋಶ ಬಳಸಿದ್ದಾರೆಂದು ಓದಿ. ಬೇರೆಬೇರೆಯಾಗಿದ್ದರೆ ಹೋಲಿಕೆ ಬಿಟ್ಟುಬಿಡಿ.

ಕೆಲಸ ಮಾಡುತ್ತಿದೆಯೇ ಎಂದು ಪರೀಕ್ಷಿಸುವುದು

ಎಟಿಡಿಸಿ5 ಎಂಬ ಇಲಿಯ ಮೃದ್ವಸ್ಥಿ ಬಗೆಯ ಕೋಶಗಳಿಗೆ ಬಿಎಂಪಿ-4 ಕೊಟ್ಟರೆ ಅವು ಅಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವವನ್ನು ಹೆಚ್ಚಿಸಿಕೊಳ್ಳುತ್ತವೆ. ನಾಗಿನ್ ಇದ್ದರೆ ಹೆಚ್ಚಿಸಿಕೊಳ್ಳುವುದಿಲ್ಲ. ಪರೀಕ್ಷೆ ಇಷ್ಟೇ. ಸಿ2ಸಿ12 ಎಂಬ ಸ್ನಾಯು ಮೂಲದ ಕೋಶಗಳೂ ಆಗುತ್ತವೆ, ಆದರೆ ಅವಕ್ಕೆ ಬಿಎಂಪಿ ಹೆಚ್ಚು ಬೇಕಾಗುತ್ತದೆ, ಅದರ ಎದುರು ನಾಗಿನ್ ಕೂಡ.

ಮೊದಲು ನಾಗಿನ್ ಇಲ್ಲದೆ ಬಿಎಂಪಿ-4 ಒಂದನ್ನೇ ಸೊನ್ನೆಯಿಂದ ಮಿಲಿಲೀಟರ್‌ಗೆ 200 ನ್ಯಾನೊಗ್ರಾಂವರೆಗೆ ಹಾಕಿ ವಕ್ರರೇಖೆ ತೆಗೆಯಿರಿ. ಈ ಹೆಜ್ಜೆಯನ್ನು ಹಾರಿಸುವವರೇ ಹೆಚ್ಚು. ರೇಖೆ ಮಟ್ಟಸವಾಗುವ ಮುಂಚಿನ, ಗರಿಷ್ಠದ ಶೇ. 80ರಷ್ಟು ಉತ್ತರ ಕೊಡುವ ಪ್ರಮಾಣವನ್ನು ಆರಿಸಿ. ಅದಕ್ಕಿಂತ ಬಹಳ ಮೇಲೆ ಹೋದರೆ, ನಾಗಿನ್ ಅರ್ಧ ಬಿಎಂಪಿಯನ್ನು ತೆಗೆದುಹಾಕಿದರೂ ಉಳಿದರ್ಧವೇ ಕೋಶಗಳನ್ನು ಪೂರ್ತಿ ಕುಣಿಸುತ್ತದೆ, ನಿಮಗೆ ವ್ಯತ್ಯಾಸ ಕಾಣುವುದಿಲ್ಲ. ಇಲ್ಲಿ ಉದಾಹರಣೆಗೆ 50 ನ್ಯಾನೊಗ್ರಾಂ ಎಂದಿಟ್ಟುಕೊಳ್ಳೋಣ.

ಮೊದಲ ದಿನ 96 ವೆಲ್ ಪ್ಲೇಟ್‌ನಲ್ಲಿ ಪ್ರತಿ ವೆಲ್‌ಗೆ ಐದರಿಂದ ಹತ್ತು ಸಾವಿರ ಕೋಶ ಹಾಕಿ ರಾತ್ರಿಯಿಡೀ ಅಂಟಿಕೊಳ್ಳಲು ಬಿಡಿ. ಅಂಚಿನ ವೆಲ್‌ಗಳಿಗೆ ಕೋಶ ಹಾಕದೆ ಪಿಬಿಎಸ್ ತುಂಬಿಸಿ, ಅಲ್ಲಿ ನೀರು ಆವಿಯಾಗಿ ಅಂಕಿಗಳು ಓಲಾಡುತ್ತವೆ.

ಎರಡನೆಯ ದಿನ ನಾಗಿನ್ ಸರಣಿ ತಯಾರಿಸಿ. ಕೊನೆಯಲ್ಲಿ ಬೇಕಾದ್ದರ ನಾಲ್ಕು ಪಟ್ಟು ಗಾಢವಾಗಿ ಮಾಡಿಕೊಳ್ಳುವುದು ನನ್ನ ಪದ್ಧತಿ. 144 ಮೈಕ್ರೊಲೀಟರ್ ಮೀಡಿಯಂಗೆ ಮೂಲ ದ್ರಾವಣದ 6 ಮೈಕ್ರೊಲೀಟರ್ ಹಾಕಿದರೆ ಮಿಲಿಲೀಟರ್‌ಗೆ 4 ಮೈಕ್ರೊಗ್ರಾಂ. ಅದರಿಂದ 50 ಮೈಕ್ರೊಲೀಟರ್ ತೆಗೆದು 100 ಮೈಕ್ರೊಲೀಟರ್ ಮೀಡಿಯಂ ಇರುವ ಮುಂದಿನ ಟ್ಯೂಬ್‌ಗೆ, ಅಲ್ಲಿಂದ ಮತ್ತೆ ಮುಂದಿನದಕ್ಕೆ. ಹೀಗೆ ಮೊದಲನೆಯದೂ ಸೇರಿ ಆರು ಟ್ಯೂಬ್. ಪ್ರತಿ ಹೆಜ್ಜೆಗೂ ಟಿಪ್ ಬದಲಿಸಿ. ವೆಲ್‌ನಲ್ಲಿ ಕೊನೆಗೆ ಸಿಗುವುದು 1000, 333, 111, 37, 12, 4 ನ್ಯಾನೊಗ್ರಾಂ. ಬಿಎಂಪಿ-4ನ್ನೂ ನಾಲ್ಕು ಪಟ್ಟು, ಅಂದರೆ ಮಿಲಿಲೀಟರ್‌ಗೆ 200 ನ್ಯಾನೊಗ್ರಾಂ ಮಾಡಿಕೊಳ್ಳಿ. ನಾಗಿನ್ 90 ಮೈಕ್ರೊಲೀಟರ್, ಬಿಎಂಪಿ 90 ಮೈಕ್ರೊಲೀಟರ್ ಬೆರೆಸಿ ಅರ್ಧ ಗಂಟೆ ಬಿಡಿ. ನಂತರ ಕೋಶಗಳ ಮೇಲಿರುವ 50 ಮೈಕ್ರೊಲೀಟರ್ ಮೀಡಿಯಂಗೆ ಈ ಮಿಶ್ರಣದ 50 ಮೈಕ್ರೊಲೀಟರ್, ಪ್ರತಿಯೊಂದೂ ಮೂರು ಮೂರು ವೆಲ್‌ಗೆ.

ಈ ಅರ್ಧ ಗಂಟೆಯನ್ನು ಉಳಿಸಲು ಹೋಗಬೇಡಿ. ಬಿಎಂಪಿಯನ್ನು ಮೊದಲು ಕೋಶಗಳಿಗೆ ಹಾಕಿ ಆಮೇಲೆ ನಾಗಿನ್ ಹಾಕಿದರೆ, ಅಷ್ಟರಲ್ಲಿ ಗ್ರಾಹಕ ಸೇರಿದ ಬಿಎಂಪಿಯನ್ನು ಅದು ಎಳೆದು ತರಲಾರದು.

ಜೊತೆಯಲ್ಲಿ ಈ ವೆಲ್‌ಗಳೂ ಇರಲೇಬೇಕು: ಏನೂ ಹಾಕದ ಕೋಶ, ಬಿಎಂಪಿ ಮಾತ್ರ, ಅತಿ ಹೆಚ್ಚಿನ ನಾಗಿನ್ ಮಾತ್ರ, ಎಫ್‌ಸಿ ನಾಗಿನ್ ಆಗಿದ್ದರೆ ಬಿಎಂಪಿಯೊಂದಿಗೆ ಬರಿಯ ಎಫ್‌ಸಿ. ಕೋಶಗಳೇ ಇಲ್ಲದ, ಮೀಡಿಯಂ ಮಾತ್ರವಿರುವ ಮೂರು ವೆಲ್‌ಗಳನ್ನೂ ಇಡಿ. ಮೀಡಿಯಂಗೆ ಬೆರೆಸುವ ಸೀರಂನಲ್ಲಿಯೇ (ರಕ್ತದ ತಿಳಿಯಲ್ಲಿಯೇ) ಅಲ್ಕಲೈನ್ ಫಾಸ್ಫಟೇಸ್ ಇರುತ್ತದೆ. ಮುಂದೆ ಪರೀಕ್ಷೆಯಲ್ಲಿ ಅದೊಂದೇ ಎಷ್ಟು ಹಳದಿ ಬಣ್ಣ ತರುತ್ತದೆಂಬುದು ತಿಳಿದಿರಲಿ.

ಮೂರು ದಿನ ಕಳೆದ ಮೇಲೆ ಮೀಡಿಯಂ ತೆಗೆದು ತೊಳೆಯಿರಿ. ತೊಳೆಯಲು ಪಿಬಿಎಸ್ ಬಳಸಬೇಡಿ. ಫಾಸ್ಫೇಟ್ ಈ ಕಿಣ್ವವನ್ನು ತಡೆಯುತ್ತದೆ. ಟ್ರಿಸ್ ಬಫರ್ ಇರುವ ಲವಣ ದ್ರಾವಣ ಬಳಸಿ. ಕೋಶ ಒಡೆಯುವ ದ್ರಾವಣದಲ್ಲಿ ಇಡಿಟಿಎ ಇರಬಾರದು, ಅದು ಕಿಣ್ವಕ್ಕೆ ಬೇಕಾದ ಸತು ಮತ್ತು ಮೆಗ್ನೀಸಿಯಂ ಅನ್ನು ಕಸಿದುಕೊಳ್ಳುತ್ತದೆ. ಶೇ. 0.1 ಟ್ರೈಟಾನ್ ಎಕ್ಸ್-100 ಸಾಕು. ಅದಕ್ಕೆ ಪಿಎಚ್ 10ರ ಆಸುಪಾಸಿನ, ಮೆಗ್ನೀಸಿಯಂ ಇರುವ ಬಫರ್‌ನಲ್ಲಿ ಕರಗಿಸಿದ ಪ್ಯಾರಾ-ನೈಟ್ರೊಫಿನೈಲ್ ಫಾಸ್ಫೇಟ್ ಹಾಕಿ 37 ಡಿಗ್ರಿಯಲ್ಲಿಡಿ. ಹಳದಿ ಬಣ್ಣ ಬರತೊಡಗುತ್ತದೆ. ಬಿಎಂಪಿ ಮಾತ್ರ ಇರುವ ವೆಲ್ ನಿಂಬೆಹಣ್ಣಿನ ಬಣ್ಣಕ್ಕೆ ಬಂದಾಗ ಸೋಡಿಯಂ ಹೈಡ್ರಾಕ್ಸೈಡ್ ಹಾಕಿ ನಿಲ್ಲಿಸಿ 405 ನ್ಯಾನೊಮೀಟರ್‌ನಲ್ಲಿ ಓದಿ. ಅಂಕಿ 2 ದಾಟಿದ್ದರೆ ಹೆಚ್ಚು ಹೊತ್ತು ಬಿಟ್ಟಿದ್ದೀರಿ.

ಬಣ್ಣ ಇಳಿದದ್ದು ಕೋಶ ಸತ್ತದ್ದರಿಂದಲೂ ಇರಬಹುದು. ಅದೇ ರೀತಿ ಬೆಳೆಸಿದ ಇನ್ನೊಂದು ಪ್ಲೇಟ್‌ನಲ್ಲಿ ಪ್ರೋಟೀನ್ ಅಥವಾ ಡಿಎನ್‌ಎ ಅಳೆದು ಭಾಗಿಸಿ ನೋಡಿ.

ಮೂರು ದಿನ ಕಾಯಲಾಗದವರಿಗೆ ಚಿಕ್ಕ ದಾರಿಯೂ ಇದೆ. ಕೋಶಗಳನ್ನು ಕೆಲವು ಗಂಟೆ ಸೀರಂ ಇಲ್ಲದೆ ಇಟ್ಟು, ಬಿಎಂಪಿ ಮತ್ತು ನಾಗಿನ್ ಮಿಶ್ರಣ ಹಾಕಿ, ಮುಕ್ಕಾಲು ಗಂಟೆಯ ನಂತರ, ಬಿಎಂಪಿಯ ಸಂಕೇತವನ್ನು ಕೋಶದೊಳಗೆ ಒಯ್ಯುವ, ಫಾಸ್ಫೇಟ್ ಸೇರಿದ ಸ್ಮ್ಯಾಡ್-1/5 ಪ್ರೋಟೀನ್‌ಗಳಿಗೆ ವೆಸ್ಟರ್ನ್ ಬ್ಲಾಟ್ (ಪ್ರತಿಕಾಯದಿಂದ ಪ್ರೋಟೀನ್ ಗುರುತಿಸುವ ಪರೀಕ್ಷೆ) ಮಾಡಿ. ಪಟ್ಟಿ ಮಾಯವಾಗಿದ್ದರೆ ನಾಗಿನ್ ಕೆಲಸ ಮಾಡಿದೆ. ಬಿಎಂಪಿ ಸಿಕ್ಕಾಗ ಐಡಿ1 ಜೀನ್‌ನ ಆರ್‌ಎನ್‌ಎ ಒಂದೆರಡು ಗಂಟೆಯಲ್ಲೇ ಏರುವುದರಿಂದ, ಆರ್‌ಎನ್‌ಎ ಅಳೆಯುವ ಕ್ಯೂಪಿಸಿಆರ್‌ನಲ್ಲೂ ನೋಡಬಹುದು. ಹೌದು ಅಥವಾ ಇಲ್ಲ ಎಂಬ ಉತ್ತರಕ್ಕೆ ಇವು ಸಾಕು. ಲಾಟ್‌ಗಳ ನಡುವೆ ತೂಗಿ ನೋಡಲು ಹಳದಿ ಬಣ್ಣದ ಪರೀಕ್ಷೆಯೇ ಸರಿ.

ಕರುಳಿನ ಆರ್ಗನಾಯ್ಡ್‌ಗಳಲ್ಲಿ

ಆರ್ಗನಾಯ್ಡ್ ಎಂದರೆ ಪ್ರಯೋಗಾಲಯದಲ್ಲಿ ಕೋಶಗಳಿಂದ ಬೆಳೆಸಿದ ಪುಟ್ಟ ಅಂಗ. ಇಂದು ಇಲಿಯ ನಾಗಿನ್ ಹೆಚ್ಚು ಖರ್ಚಾಗುವ ಜಾಗಗಳಲ್ಲಿ ಇದೊಂದು. 2009ರಲ್ಲಿ ಹಾನ್ಸ್ ಕ್ಲೆವರ್ಸ್ ಅವರ ಪ್ರಯೋಗಾಲಯದಲ್ಲಿ ತೋಶಿರೊ ಸಾಟೊ ಮತ್ತು ಸಂಗಡಿಗರು ಇಲಿಯ ಸಣ್ಣ ಕರುಳಿನ ಒಂದೇ ಕಾಂಡಕೋಶದಿಂದ ಪುಟ್ಟ ಕರುಳನ್ನೇ ಬೆಳೆಸಿ ತೋರಿಸಿದರು. ಅವರ ಮೀಡಿಯಂನ ಮೂರು ಕಂಬಗಳು ಇಜಿಎಫ್, ನಾಗಿನ್ ಮತ್ತು ಆರ್-ಸ್ಪಾಂಡಿನ್ ಎಂಬ ಪ್ರೋಟೀನ್‌ಗಳು. ಇಜಿಎಫ್ ಮಿಲಿಲೀಟರ್‌ಗೆ 50 ನ್ಯಾನೊಗ್ರಾಂ, ನಾಗಿನ್ 100 ನ್ಯಾನೊಗ್ರಾಂ ಎಂಬ ಅಳತೆ ಅಲ್ಲಿಂದಲೇ ಪ್ರಯೋಗಾಲಯಗಳಿಗೆ ಹಬ್ಬಿತು. ಕರುಳಿನಲ್ಲಿ ಬಿಎಂಪಿ ಕೋಶಗಳನ್ನು ಮಾಗಿಸಿ ವಿಭಜನೆಯನ್ನು ನಿಲ್ಲಿಸುತ್ತದೆ. ಕ್ರಿಪ್ಟ್‌ನ (ಕರುಳಿನ ಗೋಡೆಯ ಪುಟ್ಟ ಗುಳಿಯ) ತಳದಲ್ಲಿರುವ ಕಾಂಡಕೋಶಗಳು ಕಾಂಡಕೋಶಗಳಾಗಿಯೇ ಉಳಿಯಬೇಕಾದರೆ ಅದನ್ನು ದೂರವಿಡಬೇಕು.

ನಾಗಿನ್ ದುರ್ಬಲವಾಗಿದ್ದರೂ ಇಲ್ಲಿ ಮೊದಲ ಕೆಲವು ದಿನ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ತೊಂದರೆ ಹೊರಬೀಳುವುದು ಆರ್ಗನಾಯ್ಡ್‌ಗಳನ್ನು ಒಡೆದು, ಅವು ಬೆಳೆಯಲು ಹೊಸ ಜೆಲ್‌ಗೆ ಹಾಕಿದ ಮೇಲೆ (ಇದನ್ನೇ ಪ್ಯಾಸೇಜ್ ಎನ್ನುವುದು). ಮೊಗ್ಗುಗಳು ಕಡಿಮೆಯಾಗುತ್ತವೆ, ಎರಡನೆಯ ಮೂರನೆಯ ಪ್ಯಾಸೇಜ್‌ಗೆ ಬೆಳವಣಿಗೆ ಸೊರಗುತ್ತದೆ. ಆಗ ಎಲ್ಲರೂ ಜೆಲ್ ಅನ್ನು ಬೈಯುತ್ತಾರೆ. ಹೊಸ ಲಾಟ್ ಬಂದಾಗ ಕನಿಷ್ಠ ಮೂರು ಪ್ಯಾಸೇಜ್ ನೋಡದೆ ಒಳ್ಳೆಯದೆಂದು ಹೇಳಬೇಡಿ. ಗ್ರೋತ್ ಫ್ಯಾಕ್ಟರ್‌ಗಳನ್ನು ಹಾಕಿದ ಮೀಡಿಯಂ ಅನ್ನು 4 ಡಿಗ್ರಿಯಲ್ಲಿ ಒಂದು ವಾರದೊಳಗೆ ಮುಗಿಸುವಷ್ಟೇ ತಯಾರಿಸಿ, ಎರಡು ಮೂರು ದಿನಕ್ಕೊಮ್ಮೆ ಬದಲಿಸಿ.

ಕೊಳ್ಳುವ ಖರ್ಚು ತಾಳಲಾರದ ಪ್ರಯೋಗಾಲಯಗಳು ನಾಗಿನ್ ಸ್ರವಿಸುವ ಎಚ್‌ಇಕೆ293 ಕೋಶಗಳನ್ನು ಬೆಳೆಸಿ ಆ ಮೀಡಿಯಂ ಅನ್ನೇ ಸೋಸಿ ಬಳಸುತ್ತವೆ. ತಪ್ಪೇನಿಲ್ಲ. ಆದರೆ ಅದರಲ್ಲಿ ಎಷ್ಟು ನಾಗಿನ್ ಇದೆ ಎಂದು ಹೇಳುವ ಹಾಳೆ ಇರುವುದಿಲ್ಲ, ಪ್ರತಿ ಕೊಯ್ಲಿಗೂ ಹಳದಿ ಬಣ್ಣದ ಪರೀಕ್ಷೆ ಮಾಡಲೇಬೇಕು. ಕೊಂಡ ಪ್ರೋಟೀನ್‌ನ ವಕ್ರರೇಖೆಯ ಪಕ್ಕದಲ್ಲಿ ಇದರದನ್ನು ಇಟ್ಟು, ಶೇಕಡಾ ಎಷ್ಟು ಸೇರಿಸಿದರೆ 100 ನ್ಯಾನೊಗ್ರಾಂಗೆ ಸಮ ಎಂದು ತೆಗೆದುಕೊಳ್ಳಿ.

ಮಾನವ ಭ್ರೂಣ ಕಾಂಡಕೋಶಗಳನ್ನು ನರಕೋಶಗಳತ್ತ ತಿರುಗಿಸಲು ನಾಗಿನ್ ಜೊತೆ ಎಸ್‌ಬಿ431542 ಎಂಬ ರಾಸಾಯನಿಕ ಬಳಸುವ ವಿಧಾನವೂ 2009ರದ್ದೇ. ಈಗ ಬಹುತೇಕರು ಅಲ್ಲಿ ನಾಗಿನ್ ಬದಲು ಎಲ್‌ಡಿಎನ್-193189 ಎಂಬ ರಾಸಾಯನಿಕ ಹಾಕುತ್ತಾರೆ, ಅಗ್ಗ, ಕೆಡುವುದಿಲ್ಲ. ಆದರೆ ಎರಡೂ ಒಂದೇ ಎಂದುಕೊಳ್ಳಬೇಡಿ. ಎಲ್‌ಡಿಎನ್ ಕೋಶದೊಳಗೆ ಹೋಗಿ ಗ್ರಾಹಕದ ಯಂತ್ರವನ್ನೇ ನಿಲ್ಲಿಸುತ್ತದೆ, ಕಾರಣ ಯಾವ ಬಿಎಂಪಿಯಾದರೂ ಸರಿ. ನಾಗಿನ್ ಹೊರಗೆ ನಿಂತು ತನಗೆ ಸಿಕ್ಕ ಬಿಎಂಪಿಗಳನ್ನಷ್ಟೇ ಹಿಡಿಯುತ್ತದೆ. ಯಾವ ಬಿಎಂಪಿ ಕಾರಣ ಎಂಬುದೇ ನಿಮ್ಮ ಪ್ರಶ್ನೆಯಾಗಿದ್ದರೆ ಎರಡನ್ನೂ ಬಳಸಿ: ಎಲ್‌ಡಿಎನ್ ನಿಲ್ಲಿಸಿದ್ದನ್ನು ನಾಗಿನ್ ನಿಲ್ಲಿಸದಿದ್ದರೆ, ನಾಗಿನ್‌ಗೆ ಸಿಗದ ಬಿಎಂಪಿಯನ್ನೋ, ಬಿಎಂಪಿಯೇ ಇಲ್ಲದೆ ಉರಿಯುತ್ತಿರುವ ಗ್ರಾಹಕವನ್ನೋ ಹುಡುಕಬೇಕು.

ಕೈಕೊಟ್ಟಾಗ

ಸೀರಂ ಇರುವ ಮೀಡಿಯಂನಲ್ಲಿ ಸ್ಮ್ಯಾಡ್-1/5ರ ಪಟ್ಟಿ ಎಷ್ಟು ನಾಗಿನ್ ಹಾಕಿದರೂ ಪೂರ್ತಿ ಮಾಯವಾಗುತ್ತಿಲ್ಲವೇ? ವೈಯಲ್ ಮೇಲೆ ಅನುಮಾನ ಪಡುವ ಮೊದಲು ಸೀರಂ ಮೇಲೆ ಪಡಿ. ರಕ್ತದಲ್ಲಿ ಬಿಎಂಪಿ-9 ಸಹಜವಾಗಿಯೇ ಹರಿಯುತ್ತಿರುತ್ತದೆ, ಸೀರಂ ಜೊತೆ ಅದೂ ಬರುತ್ತದೆ, ನಾಗಿನ್ ಅದನ್ನು ತಡೆಯುವುದಿಲ್ಲ. ರಕ್ತನಾಳದ ಒಳಪದರದ ಕೋಶಗಳಲ್ಲಿ ಇದು ಎದ್ದು ಕಾಣುತ್ತದೆ, ಏಕೆಂದರೆ ಅವು ಬಿಎಂಪಿ-9ಕ್ಕೆ ಬಹಳ ಸೂಕ್ಷ್ಮ. ಈ ಒಂದು ಸಂಗತಿ ಗೊತ್ತಿಲ್ಲದೆ ನಾನು ಎರಡು ತಿಂಗಳು ಕಳೆದಿದ್ದೇನೆ.

ನಾಗಿನ್ ತೆಗೆದ ಮೇಲೂ ಪರಿಣಾಮ ಉಳಿದಿದೆಯೇ? ಈ ಪ್ರೋಟೀನ್‌ಗೆ ಧನ ವಿದ್ಯುದಂಶದ ಒಂದು ಭಾಗವಿದೆ, ಅದು ಕೋಶದ ಮೈಮೇಲಿನ ಹೆಪರಾನ್ ಸಲ್ಫೇಟ್ ಸರಪಳಿಗಳಿಗೆ ಅಂಟಿಕೊಳ್ಳುತ್ತದೆ. ಮೀಡಿಯಂ ಬದಲಿಸಿದೊಡನೆ ನಾಗಿನ್ ಹೋಯಿತು ಎಂದು ನಂಬಿ ಕಾಲ ಎಣಿಸುವ ಪ್ರಯೋಗ ಮಾಡಬೇಡಿ. ಅದೇ ಕಾರಣಕ್ಕೆ ಮೀಡಿಯಂನಲ್ಲಿ ಹೆಪರಾನ್ ಸಲ್ಫೇಟ್‌ನಂಥದ್ದೇ ಆದ ಹೆಪಾರಿನ್ ಇದ್ದರೆ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಬಿಎಂಪಿ ಮಾತ್ರ ಹಾಕಿದ ವೆಲ್‌ಗಳಲ್ಲೇ ಹಳದಿ ಬಂದಿಲ್ಲವೆಂದರೆ ನಾಗಿನ್ ನಿರಪರಾಧಿ. ಬಿಎಂಪಿ ಸತ್ತಿದೆ, ಇಲ್ಲವೇ ಕೋಶಗಳು ಬಹಳ ಪ್ಯಾಸೇಜ್ ಕಂಡು ಬಳಲಿವೆ. ಕೆಳಗಿನ ಪ್ರಮಾಣಗಳಲ್ಲಿ ಮಾತ್ರ ಅಂಕಿಗಳು ಚದುರಿದ್ದರೆ ಬಿಎಸ್‌ಎ ಇಲ್ಲದ ಮೀಡಿಯಂನಲ್ಲಿ ಸರಣಿ ಮಾಡಿದ್ದೀರಿ, ಪ್ರೋಟೀನ್ ಟ್ಯೂಬ್‌ಗಂಟಿಕೊಂಡಿದೆ. ಎಲ್ಲ ಪ್ರಮಾಣದಲ್ಲೂ ಒಂದೇ ಸಮನಾಗಿ ಅರ್ಧಂಬರ್ಧ ತಡೆ ಕಂಡರೆ ನಿಮ್ಮ ಸರಣಿಯಲ್ಲಿ ಟಿಪ್ ಬದಲಾಗಿಲ್ಲ.

ಈ ಪ್ರೋಟೀನ್ ಸಂಶೋಧನೆಗೆ ಮಾತ್ರ, ಮನುಷ್ಯರ ಚಿಕಿತ್ಸೆಗಲ್ಲ ಎಂದು ವೈಯಲ್ ಮೇಲೆಯೇ ಬರೆದಿರುತ್ತದೆ. ನಾಗಿನ್ ಜೀನ್ ಇಲ್ಲದ ಇಲಿಗಳಲ್ಲಿ ಮೃದ್ವಸ್ಥಿ ಅತಿಯಾಗಿ ಬೆಳೆದು ಕೀಲುಗಳೇ ಮೂಡುವುದಿಲ್ಲ ಎಂಬುದು 1998ರಲ್ಲಿ ತಿಳಿಯಿತು. ಮನುಷ್ಯರಲ್ಲಿ ಇದೇ ಜೀನ್‌ನ ಕೆಲವು ದೋಷಗಳಿಂದ ಬೆರಳ ಗಂಟುಗಳು ಬೆಸೆದುಕೊಳ್ಳುತ್ತವೆ ಎಂಬುದು ಮರುವರ್ಷ. ಸ್ವಲ್ಪ ಏರುಪೇರಾದರೂ ಮೂಳೆಗಳ ನಕ್ಷೆಯೇ ಬದಲಾಗುವ ಪ್ರೋಟೀನ್ ಇದು.

ಹಳೆಯ ಲಾಟ್ ಮುಗಿಯುವ ಮೊದಲು ಎರಡು ಅಲಿಕ್ವಾಟ್‌ಗಳನ್ನು ಬೇರೆ ಡಬ್ಬಿಯಲ್ಲಿ ಎತ್ತಿಡಿ. ಹೊಸ ಲಾಟ್ ಬಂದ ದಿನ ಅದೇ ಪ್ಲೇಟ್‌ನಲ್ಲಿ, ಅದೇ ಬಿಎಂಪಿಯ ಎದುರು, ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಓಡಿಸಿ. ಟ್ಯೂಬ್ ಮೇಲೆ ಬರೆಯುವುದು ಐದೇ ಸಂಗತಿ: ನಾಗಿನ್, ಬರಿಯದೋ ಎಫ್‌ಸಿಯೋ, ಲಾಟ್ ಸಂಖ್ಯೆ, ಗಾಢತೆ, ಕರಗಿಸಿದ ದಿನಾಂಕ. ಅಲ್ಕೊಹಾಲ್ ತಾಗಿದರೆ ಅಳಿಸದ ಪೆನ್ನಿನಲ್ಲಿ ಬರೆಯಿರಿ.